ಬೀಗದಮ್ಮ ಕೊಟ್ಟ ಹೆಸರು

ಅಸಲು ಕೀಲಿ ಇಲ್ಲದೆ ಬಂದವರಿಗೆ ಬೀಗದಮ್ಮ ನಕಲು ಕೀಲಿ ಮಾಡಿಕೊಡುತ್ತಿರಲಿಲ್ಲ. ಹಿಂದೆ ಸಾಬೂನಿನ ಮೇಲೆ ಅಚ್ಚು ಒತ್ತಿಕೊಂಡು ಬರುತ್ತಿದ್ದರು, ಈಗ ಫೋನಿನಲ್ಲಿ ಫೋಟೋ ತೆಗೆದುಕೊಂಡು ಬರುತ್ತಾರೆ. ಎಲ್ಲರಿಗೂ ಆಕೆಯದು ಒಂದೇ ಉತ್ತರ: ಬೀಗ ತನ್ನಿ, ಇಲ್ಲವೇ ನನ್ನನ್ನೇ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ. ಕೆಲವರು ಮುಖ ಸಿಂಡರಿಸಿ ಹೋಗುತ್ತಿದ್ದರು. ಒಬ್ಬ ಗಿರಾಕಿಯಂತೂ, ನಿಮ್ಮ ಹತ್ತಿರ ಕೀಲಿ ಮಾಡಿಸುವುದಕ್ಕಿಂತ ಸೆರೆಮನೆಗೆ ಹೋಗುವುದು ಸುಲಭ ಎಂದು ಹಂಗಿಸಿದ. ಹೋಗುವುದು ಸುಲಭವೇ ಅಪ್ಪ, ಬರುವುದು ಕಷ್ಟ ಎಂದು ಆಕೆ ಅರದ ಕೆಲಸ ನಿಲ್ಲಿಸದೆ ಹೇಳಿದಳು.

ಆ ನಿಯಮ ಗಂಡ ಹಾಕಿಕೊಟ್ಟದ್ದು. ಹೋದ ಚಳಿಗಾಲದಲ್ಲಿ ಅವನು ತೀರಿಕೊಂಡ ಮೇಲೆ ಅಂಗಡಿ ಆಕೆಯದಾಯಿತು. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದು. ಒಂದು ಕಡೆ ಗೋಡೆಯ ತುಂಬ ಇನ್ನೂ ಹಲ್ಲು ಕಡಿಯದ ಕೀಲಿಗಳು ಮೊಳೆಗಳಿಗೆ ನೇತಾಡುತ್ತಿದ್ದವು. ಇನ್ನೊಂದು ಕಡೆ ಕೀಲಿ ಕಡಿಯುವ ಯಂತ್ರ, ಅದರ ಕೆಳಗೆ ಹಿತ್ತಾಳೆಯ ಪುಡಿ ಬೀಳುವ ತಟ್ಟೆ. ಬೆಳಿಗ್ಗೆ ಬಾಗಿಲು ಎತ್ತಿದೊಡನೆ ಆಕೆ ಯಂತ್ರಕ್ಕೆ ಕೈ ಮುಗಿದು, ಈ ಕೈಯಿಂದ ಇವತ್ತು ಯಾರ ಮನೆಗೂ ಕೇಡಾಗದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಳು. ತನಗಾಗಿ ಬೇರೇನನ್ನೂ ಬೇಡುವ ಅಭ್ಯಾಸ ಆಕೆಗಿರಲಿಲ್ಲ.

ಆಕೆಗೆ ಒಬ್ಬಳೇ ತಂಗಿ. ಸಣ್ಣಗೆ, ಚುರುಕಾಗಿ ಇದ್ದುದರಿಂದ ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಗುಬ್ಬಿ ಎಸ್ಕಾರ್ಟ್ ಕೆಲಸ ಮಾಡುತ್ತಿದ್ದಳು. ಯಾವ ದಲ್ಲಾಳಿಯ ಕೈಕೆಳಗೂ ಇರದೆ, ತನ್ನ ಜಾಹೀರಾತು ತಾನೇ ಹಾಕಿ, ಹಣ ಕೊಟ್ಟು ಜೊತೆ ಬಯಸುವ ಗಂಡಸರನ್ನು ತಾನೇ ವಿಚಾರಿಸಿ ಆರಿಸಿಕೊಂಡು, ಸ್ವಂತವಾಗಿ ದುಡಿಯುತ್ತಿದ್ದಳು. ಈ ಸಂಗತಿ ತಿಳಿದ ದಿನ ಅಕ್ಕ ಆಡಬಾರದ್ದೆಲ್ಲ ಆಡಿದ್ದಳು. ನಿನ್ನ ಹೆಸರು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು ಎಂದಿದ್ದಳು. ಆ ಮಾತನ್ನು ನಡೆಸಿಕೊಂಡೂ ಬಂದಳು. ಆಮೇಲೆ ಎಷ್ಟೋ ವರ್ಷ ಪ್ರಾರ್ಥನೆಯಲ್ಲಿ ಕೂಡ ತಂಗಿಯ ಹೆಸರು ಹೇಳದೆ, ದೂರ ಇರುವವರನ್ನೂ ಕಾಯಿ ಎಂದಷ್ಟೇ ಹೇಳುತ್ತಿದ್ದಳು.

ಭಾವ ತೀರಿಕೊಂಡ ದಿನ ಗುಬ್ಬಿ ಬಂದಿದ್ದಳು. ಗೇಟಿನ ಹೊರಗೆ, ಬೂದು ಬಣ್ಣದ ಕೋಟಿನಲ್ಲಿ ನಿಂತಿದ್ದಳು. ಬೀಗದಮ್ಮ ಕಿಟಕಿಯಿಂದ ನೋಡಿದಳು. ಒಳಗೆ ಬಾ ಎನ್ನಲು ಒಂದು ಕೈಸನ್ನೆ ಸಾಕಿತ್ತು. ಬಂಧುಗಳು ಸುತ್ತ ಕೂತಿದ್ದರು, ಕೈ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಗೇಟಿನ ಹತ್ತಿರ ಯಾರೂ ಇರಲಿಲ್ಲ. ಗಂಡನ ಹಳೆಯ ಫೋನಿನಲ್ಲಿ ತಂಗಿಯ ನಂಬರು ಇತ್ತು. ಅವನು ಆಗಾಗ ಮಾತಾಡುತ್ತಿದ್ದನೆಂದು ಆಗ ತಿಳಿಯಿತು. ಬೀಗದಮ್ಮ ಆ ನಂಬರನ್ನು ತೆಗೆದು ನೋಡುವುದು, ಮತ್ತೆ ಫೋನು ಮುಚ್ಚಿಡುವುದು, ಹೀಗೆ ದಿನ ಕಳೆದಳು. ಮೊದಲ ಮಾತು ಏನಾಡಬೇಕೆಂದು ಹೊಳೆಯುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಅಂಗಡಿಗೆ ಆ ಕರೆ ಬಂತು.

ಮೃದುವಾದ ಹೆಂಗಸಿನ ಧ್ವನಿ. ನಾನು ನಿಮ್ಮ ತಂಗಿಯ ಗೆಳತಿ, ಅವಳು ಮೆಟ್ಟಿಲಿನಿಂದ ಬಿದ್ದು ಎಚ್ಚರ ತಪ್ಪಿದ್ದಾಳೆ, ಆಸ್ಪತ್ರೆಗೆ ತಂದಿದ್ದೇವೆ, ಸೇರಿಸಿಕೊಳ್ಳಲು ನಿಜವಾದ ಹೆಸರು ಕೇಳುತ್ತಿದ್ದಾರೆ ಎಂದಳು. ಬೀಗದಮ್ಮ ಯಂತ್ರ ನಿಲ್ಲಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು. ನೀವೇ ಗೆಳತಿಯಾದರೆ ಹೆಸರು ಗೊತ್ತಿಲ್ಲವೇ ಎಂದು ಕೇಳುವಷ್ಟು ಬುದ್ಧಿ ಆಗಲೂ ಇತ್ತು.

"ನಮ್ಮ ಕೆಲಸದಲ್ಲಿ ಯಾರಿಗೂ ಯಾರ ಮನೆ ಹೆಸರೂ ಗೊತ್ತಿರಲ್ಲ ಅಮ್ಮ," ಎಂದಿತು ಧ್ವನಿ. "ಕೆಲಸಕ್ಕೊಂದು ಹೆಸರು ಇಟ್ಕೊಂಡಿರ್ತೀವಿ. ನಿಮಗೂ ಗೊತ್ತಲ್ಲ."

ಅದು ನಿಜವೆಂದು ಬೀಗದಮ್ಮನಿಗೆ ಗೊತ್ತಿತ್ತು. ಆ ಒಂದು ನಿಜದ ಬೆನ್ನಿಗೆ ಉಳಿದದ್ದೆಲ್ಲ ನಂಬಿಕೆಯಾಗಿ ಬಂತು. ಹೆಸರು ಹೇಳಿದಳು. ಹುಟ್ಟಿದ ದಿನ ಹೇಳಿದಳು. ತಾಯಿಯ ಹೆಸರು ಹೇಳಿದಳು. ಗುರುತಿನ ಚೀಟಿ ಇದ್ದರೆ ಫೋಟೋ ಕಳಿಸಿ ಎಂದಾಗ, ಅಂಗಡಿ ಹಾಗೆಯೇ ಬಿಟ್ಟು ಮನೆಗೆ ಓಡಿ, ಅಮ್ಮನ ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಯಲ್ಲಿದ್ದ ಚೀಟಿಯನ್ನು ತೆಗೆದು, ಎರಡೂ ಬದಿಯ ಫೋಟೋ ಕಳಿಸಿದಳು. ಬೇಗ ಅಮ್ಮ, ಬೇಗ ಎಂದು ಧ್ವನಿ ಅವಸರ ಮಾಡುತ್ತಲೇ ಇತ್ತು. ಯಾವ ಆಸ್ಪತ್ರೆ ಎಂದು ಕೇಳಿದ್ದಕ್ಕೆ, ಈಗ ಯಾರನ್ನೂ ಬಿಡುವುದಿಲ್ಲ, ಎಚ್ಚರವಾದೊಡನೆ ನಾನೇ ತಿಳಿಸುತ್ತೇನೆ, ಬೇರೆ ಯಾರಿಗೂ ಹೇಳಬೇಡಿ, ಅವಳಿಗೆ ಅವಮಾನವಾಗುತ್ತದೆ ಎಂದು ಹೇಳಿ ಇಟ್ಟುಬಿಟ್ಟಿತು.

ಆ ಸಂಜೆ ಬೀಗದಮ್ಮ ಎಷ್ಟೋ ವರ್ಷಗಳ ಮೇಲೆ ತಂಗಿಯ ಹೆಸರು ಹಿಡಿದು ಪ್ರಾರ್ಥಿಸಿದಳು. ಹೇಳಲು ನಾಚಿಕೆ, ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಸಂತೋಷವೂ ಇತ್ತು. ಕೊನೆಗೂ ಅವಳಿಗೆ ನಾನು ಬೇಕಾದೆ ಎಂಬ ಸಂತೋಷ. ಕರೆ ಮತ್ತೆ ಬರಲಿಲ್ಲ. ಆಕೆಯೇ ಮಾಡಿದರೆ ಆ ನಂಬರು ಸತ್ತಿತ್ತು. ತಂಗಿಯ ನಂಬರಿಗೆ ಒಂದು ಸಲ ಮಾಡಿದ್ದರೆ ಸುಳ್ಳು ಅಲ್ಲಿಗೇ ಬಯಲಾಗುತ್ತಿತ್ತು. ಎಚ್ಚರವಾದ ಮೇಲೂ ನನ್ನನ್ನು ನೋಡಲು ಅವಳಿಗೆ ಇಷ್ಟವಿಲ್ಲವೇನೋ, ನಾನು ಮಾಡಿದ್ದಕ್ಕೆ ಇದು ಸರಿಯೇ ಎಂದು ಆಕೆ ತಾನೇ ತೀರ್ಮಾನಿಸಿ ಸುಮ್ಮನಾದಳು. ಹಲ್ಲು ಕಚ್ಚಿಕೊಂಡು ಸುಮ್ಮನಿರುವುದು ಈ ಅಕ್ಕತಂಗಿಯರಿಗೆ ಹುಟ್ಟಿನಿಂದ ಬಂದದ್ದು. ಕಳ್ಳರಿಗೆ ಅದು ಗೊತ್ತಿತ್ತೋ ಇಲ್ಲವೋ, ಅನುಕೂಲವಂತೂ ಆಯಿತು.

ಮಳೆಗಾಲ ಕಳೆದು ಬಿಸಿಲು ಬಂದಿತ್ತು. ಒಂದು ಬೆಳಿಗ್ಗೆ ಗುಬ್ಬಿ ಅಂಗಡಿಯ ಮುಂದೆ ಬಂದು ನಿಂತಳು. ಕೈಕಾಲು ನೆಟ್ಟಗಿತ್ತು, ಎಲ್ಲೂ ಪೆಟ್ಟಿನ ಗುರುತಿರಲಿಲ್ಲ. ಮುಖ ಮಾತ್ರ ಒಣಗಿತ್ತು. ಬೀಗದಮ್ಮನಿಗೆ ಆ ಗಳಿಗೆಯಲ್ಲೇ ಆಸ್ಪತ್ರೆಯ ಕರೆ ಸುಳ್ಳೆಂದು ಅರ್ಥವಾಗಿ, ಕೈಯಲ್ಲಿದ್ದ ಅರ ಜಾರಿತು.

"ಚೆನ್ನಾಗಿದ್ದೀಯಾ ಅಕ್ಕ," ಎಂದಳು ಗುಬ್ಬಿ. "ಗಿರಾಕಿ ಅಂತ ಬಂದಿದ್ದೀನಿ, ಹೆದರ್ಬೇಡ. ಬಾಗಿಲಿಗೆ ಹೊಸ ಬೀಗ ಹಾಕ್ಬೇಕು."

ಆಮೇಲೆ ಕಥೆಯೆಲ್ಲ ಹೇಳಿದಳು. ತಾನು ಜಾಹೀರಾತು ಹಾಕುವ ಜಾಲತಾಣದವರು ಎಂದು ಹೇಳಿಕೊಂಡು ಯಾರೋ, ಮುಖ ಖಾತ್ರಿ ಮಾಡಬೇಕು, ಇವತ್ತಿನ ತಾರೀಕು ಬರೆದ ಕಾಗದ ಹಿಡಿದು ಫೋಟೋ ಕಳಿಸಿ ಎಂದಿದ್ದರು. ಅದು ಅವರಲ್ಲಿ ವಾಡಿಕೆಯೇ ಆದ್ದರಿಂದ ಕಳಿಸಿದ್ದಳು. ಮರುದಿನ ಗುರುತಿನ ಚೀಟಿ ಕೇಳಿದಾಗ ಎಚ್ಚೆತ್ತು, ಕೊಡುವುದಿಲ್ಲ ಎಂದು ಮಾತು ನಿಲ್ಲಿಸಿದ್ದಳು. ಅದಕ್ಕೂ ಮೊದಲು ಕೆಲಸಕ್ಕೆ ಹೊಸಬಳು ಎಂದು ಹೇಳಿಕೊಂಡ ಒಬ್ಬಳೊಂದಿಗೆ ದಿನಗಟ್ಟಲೆ ಹರಟಿದ್ದಳು. ಭಾವ ತೀರಿಕೊಂಡದ್ದು, ಅಕ್ಕನ ಕೀಲಿ ಅಂಗಡಿ, ಎಲ್ಲ ಆ ಹರಟೆಯಲ್ಲಿ ಬಂದಿತ್ತು. ಈಗ ಯಾರೋ ಅವಳ ನಿಜವಾದ ಹೆಸರಿನಲ್ಲಿ, ಅವಳದೇ ಮುಖವಿಟ್ಟು, ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಆ ಖಾತೆಗೆ ಹಣ ಹಾಕಿಸಲು ಅವಳ ಜೊತೆಯ ಹೆಂಗಸರಿಗೇ ಸಂದೇಶ ಕಳಿಸಿ ಬಲೆ ಬೀಸಿದ್ದರು. ನಮಗೆಲ್ಲ ಸೇರಿ ಒಂದು ಸುರಕ್ಷಿತ ಮನೆ ಬಾಡಿಗೆಗೆ ಹಿಡಿಯುತ್ತಿದ್ದೇನೆ, ಮುಂಗಡ ಕಳಿಸಿ, ಕರಾರಿಗೆ ನಿಮ್ಮ ಗುರುತಿನ ಚೀಟಿಯನ್ನೂ ಕಳಿಸಿ ಎಂದು.

ಆ ಹೆಂಗಸರು ಹಣ ಕಳಿಸಿದ್ದೇಕೆ ಎಂದರೆ, ಆ ಸಂದೇಶದಲ್ಲಿ ಗುಬ್ಬಿಯ ಚೀಟಿಯ ಫೋಟೋ, ಕೆಳಗೆ ಅವಳ ಮನೆ ಹೆಸರು, ಅಂದರೆ ನಿಜವಾದ ಹೆಸರು, ಇತ್ತು. ಆ ಕೆಲಸದಲ್ಲಿ ಒಬ್ಬಳು ಇನ್ನೊಬ್ಬಳಿಗೆ ಮನೆ ಹೆಸರು ಹೇಳುವುದೆಂದರೆ ಪ್ರಾಣವನ್ನೇ ಕೈಗಿಟ್ಟ ಹಾಗೆ. ಹೊರಗಿನವರಾಗಿದ್ದರೆ ಹೆಸರು ಕಂಡ ಮಾತ್ರಕ್ಕೆ ಮರುಳಾಗುತ್ತಿರಲಿಲ್ಲ. ಇವರು ಹೆಸರು ಕಂಡೇ ಮರುಳಾದರು.

"ಕನ್ನಡಕದಕ್ಕ ಅಂತ ಒಬ್ರಿದ್ದಾರೆ, ನಮ್ಮಲ್ಲಿ ಹಿರಿಯರು," ಎಂದಳು ಗುಬ್ಬಿ. "ಅವರು ಹೇಳ್ತಾರೆ, ಚೀಟಿ ನಿನ್ನ ಹತ್ರ ಬಿಟ್ಟು ಯಾರ ಹತ್ರಾನೂ ಇಲ್ಲ, ಅದು ಹೊರಗೆ ಹೇಗೆ ಹೋಯ್ತು ತೋರಿಸು, ನಂಬ್ತೀವಿ ಅಂತ. ನನ್ನ ಹತ್ರ ಅದು ಇರ್ಲೇ ಇಲ್ಲ. ಅಮ್ಮನ ಪೆಟ್ಟಿಗೆಯಲ್ಲಿತ್ತು. ಯಾರಾದ್ರೂ ಕೇಳ್ಕೊಂಡು ಬಂದಿದ್ರಾ ಅಕ್ಕ?"

ರಸ್ತೆಯಲ್ಲಿ ಗಾಡಿಯೊಂದು ಹಾರನ್ನು ಹೊಡೆಯುತ್ತ ಹೋಯಿತು. ಬೀಗದಮ್ಮ ಬಗ್ಗಿ, ಜಾರಿ ಬಿದ್ದಿದ್ದ ಅರವನ್ನು ಎತ್ತಿಕೊಂಡಳು.

"ಇಲ್ಲ," ಎಂದಳು. "ಯಾರೂ ಬಂದಿಲ್ಲ."

"ನಿನ್ನ ಮೇಲೆ ಸಂಶಯ ಪಟ್ಟು ಕೇಳಿದ್ದಲ್ಲ. ಫೋಟೋ ನೋಡಿ ಕೀಲಿನೂ ಮಾಡದವಳು ನೀನು," ಎಂದು ಗುಬ್ಬಿ ನಕ್ಕಳು. ವಿಳಾಸ ಹೇಳಿ, ಮಧ್ಯಾಹ್ನದ ಮೇಲೆ ಬಾ ಎಂದು ಹೋದಳು.

ಬೀಗದಮ್ಮ ಆ ಬೆಳಿಗ್ಗೆ ಕಡಿದ ಕೀಲಿಗಳೆಲ್ಲ ಕೆಟ್ಟವು. ಇಲ್ಲ ಎಂಬ ಆ ಮಾತನ್ನು ಆಡಿಸಿದ್ದು ಭಯವೂ ಅಲ್ಲ, ದ್ವೇಷವೂ ಅಲ್ಲ. ಎಷ್ಟೋ ವರ್ಷಗಳ ಮೇಲೆ ಅಕ್ಕ ಎಂದು ಕರೆದ ಬಾಯಿ ಮತ್ತೆ ಮುಚ್ಚಿಹೋಗದಿರಲಿ ಎಂಬ ಆಸೆ. ಆಸೆಯೂ ಸುಳ್ಳು ಹೇಳಿಸುತ್ತದೆಯಲ್ಲ ದೇವರೇ ಎಂದುಕೊಂಡು ಆಕೆ ಉಪಕರಣದ ಚೀಲ ಹೆಗಲಿಗೆ ಹಾಕಿ ಹೊರಟಳು.

ಗುಬ್ಬಿಯ ಮನೆ ಮೂರನೆಯ ಮಹಡಿಯಲ್ಲಿತ್ತು. ಒಂದೇ ಕೋಣೆ, ಅಡಿಗೆಗೆ ಒಂದು ಮೂಲೆ. ಬೀಗದಮ್ಮ ಏನು ನೋಡಬೇಕಾಗುತ್ತದೋ ಎಂದು ಹೆದರಿಕೊಂಡೇ ಒಳಗೆ ಕಾಲಿಟ್ಟಿದ್ದಳು. ಕಂಡದ್ದು ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆ, ಕಿಟಕಿಯಲ್ಲಿ ಒಂದು ಕುಂಡ, ಗೋಡೆಯ ಮೇಲೆ ಅಮ್ಮನ ಫೋಟೋ. ಅಮ್ಮನ ಪಕ್ಕದಲ್ಲಿ ಭಾವನ ಫೋಟೋ ಕೂಡ ಇತ್ತು. ಅಂಗಡಿಯ ಮುಂದೆ ನಿಂತು ನಗುತ್ತಿರುವ ಆ ಫೋಟೋ ಆಕೆಯ ಬಳಿಯೂ ಇರಲಿಲ್ಲ.

ಆಕೆ ಬಾಗಿಲ ಮುಂದೆ ಕೂತು ಹಳೆಯ ಬೀಗದ ತಿರುಪುಗಳನ್ನು ಬಿಚ್ಚತೊಡಗಿದಳು. ಗುಬ್ಬಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಕೆಲಸವಿದೆ, ಹೊಸಬ ಎಂದಷ್ಟೇ ಹೇಳಿದಳು. ಆಮೇಲೆ ಫೋನು ಕಿವಿಗಿಟ್ಟುಕೊಂಡಳು. ಅದು ರಿಂಗಾಗಿ ರಿಂಗಾಗಿ ತಾನೇ ನಿಂತಿತು. ಇನ್ನೊಂದು ನಂಬರಿಗೆ ಮಾಡಿದಳು, ಅದೂ ಹಾಗೆಯೇ.

ಯಾರಿಗೆ ಎಂದು ಬೀಗದಮ್ಮ ಕೇಳಿದಳು. ಗುಬ್ಬಿ ತನ್ನ ಕೆಲಸದ ಪದ್ಧತಿ ಹೇಳಿದಳು. ಯಾವ ಕೋಣೆಗೆ ಹೋಗುವ ಮೊದಲೂ ಒಬ್ಬಳಿಗೆ ಫೋನು ಮಾಡಿ ಎಲ್ಲಿ, ಯಾರ ಜೊತೆ ಎಂದು ಹೇಳಬೇಕು. ಹೊರಗೆ ಬಂದ ಮೇಲೆ ಮತ್ತೆ ಮಾಡಬೇಕು. ಎರಡನೆಯ ಕರೆ ಬರದಿದ್ದರೆ ಅವಳು ನಾಲ್ಕು ಜನರನ್ನು ಕರೆದುಕೊಂಡು ಬಾಗಿಲಿಗೆ ಬರುತ್ತಾಳೆ. ಗಂಡಸು ಹೇಗಿದ್ದಾನೆ ಎಂದು ಒಬ್ಬರಿಗೊಬ್ಬರು ವಿಚಾರಿಸಿ ಹೇಳುವುದೂ ಹೀಗೆಯೇ. ಈ ಕೆಲಸದಲ್ಲಿ ಅವರಿಗಿರುವ ಕಾವಲು ಅದೊಂದೇ. ಖಾತೆಯ ಸಂಗತಿ ಆದಮೇಲೆ ಅವಳ ಫೋನು ಯಾರೂ ಎತ್ತುತ್ತಿರಲಿಲ್ಲ.

"ಹಾಗಾದ್ರೆ ಈಗ?"

"ಈಗೇನು. ಹೋಗೋದು," ಎಂದು ಗುಬ್ಬಿ ಚಪ್ಪಲಿ ಹಾಕಿಕೊಂಡಳು.

ಸ್ಕ್ರೂಡ್ರೈವರು ಬೀಗದಮ್ಮನ ಕೈಯಲ್ಲೇ ನಿಂತಿತು. ತಿರುಗಿ ತಂಗಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಬಾಗಿಲಿನಲ್ಲಿ ಬೀಗ ಕಿತ್ತ ತೂತಿನ ಕಡೆಗೇ ನೋಡುತ್ತ ಹೇಳಿದಳು.

"ಗುಬ್ಬಿ, ಹೆಸರು ಕೊಟ್ಟವಳು ನಾನೇ. ಚೀಟಿನೂ ನಾನೇ ಕಳಿಸ್ದೆ."

ನಂತರ ಎಲ್ಲವನ್ನೂ ಹೇಳಿದಳು. ಮೆಟ್ಟಿಲು, ಆಸ್ಪತ್ರೆ, ಬೇಗ ಅಮ್ಮ ಬೇಗ, ಯಾರಿಗೂ ಹೇಳಬೇಡಿ. ಬೆಳಿಗ್ಗೆ ಆಡಿದ ಸುಳ್ಳನ್ನೂ ಹೇಳಿದಳು. ಕೊನೆಗೆ ತಿರುಗಿದಾಗ ಗುಬ್ಬಿ ಮಂಚದ ಅಂಚಿನಲ್ಲಿ ಕೂತಿದ್ದಳು.

"ನನಗೊಂದು ಫೋನು ಮಾಡ್ಬಹುದಿತ್ತು," ಎಂದಳು.

"ಮಾಡ್ಬಹುದಿತ್ತು."

"ಬಿದ್ದಿದ್ದಾಳೆ, ಎಚ್ಚರ ಇಲ್ಲ ಅಂದಾಗ್ಲೂ ನನ್ನ ನಂಬರು ಒತ್ತೋಕೆ ನಿನಗೆ ಕೈ ಬರ್ಲಿಲ್ಲ." ಚಪ್ಪಲಿ ಸರಿಪಡಿಸಿಕೊಳ್ಳುತ್ತ ಹೇಳಿದಳು, "ಮುಖ ನಾನೇ ಕೊಟ್ಟಿದ್ದೆ. ಹೆಸರು ನೀನು ಕೊಟ್ಟೆ. ಅವರಿಗೆ ಇನ್ನೇನು ಬೇಕಿತ್ತು."

ಬೀಗದಮ್ಮ ತನ್ನ ಫೋನು ತೆಗೆದು ಕನ್ನಡಕದಕ್ಕನ ನಂಬರು ಕೇಳಿದಳು. ಹೊಸ ನಂಬರಾದ್ದರಿಂದ ಆ ಕಡೆ ಎತ್ತಿದರು. ಬೀಗದಮ್ಮ, ನಾನು ಇಂಥವಳ ಅಕ್ಕ, ತಪ್ಪು ಅವಳದಲ್ಲ, ನನ್ನದು, ಅವಳೀಗ ಕೆಲಸಕ್ಕೆ ಹೊರಟಿದ್ದಾಳೆ, ದಯವಿಟ್ಟು ಬೇಗ ಅವಳ ಫೋನು ಎತ್ತಿ ಎಂದು ಒಂದೇ ಉಸಿರಿಗೆ ಹೇಳಿದಳು.

ಆ ಕಡೆಯ ಧ್ವನಿ ಒರಟಾಗಿತ್ತು. "ಗೆಳತಿ ಅಂದ್ರು, ಅಕ್ಕ ಅಂದ್ರು, ಬ್ಯಾಂಕು ಅಂದ್ರು. ಎಲ್ಲಾರಿಗೂ ಬೇಗ ಆಗ್ಬೇಕು. ನಿಜವಾದವರು ಕಾಯ್ತಾರೆ, ಅಮ್ಮ. ಕಳ್ಳರಿಗೆ ಮಾತ್ರ ಅವಸರ." ಫೋನು ಕಟ್ಟಾಯಿತು.

ತಾನು ಅಂದು ಆ ಮೃದು ಧ್ವನಿಗೆ ಹೇಳಬೇಕಾಗಿದ್ದ ಮಾತನ್ನು ಇಂದು ಬೇರೆಯವರು ತನಗೆ ಹೇಳಿದ್ದರು. ಬೀಗದಮ್ಮನಿಗೆ ಕೋಪ ಬರಲಿಲ್ಲ.

ಹಾಗಾದರೆ ನನಗೇ ಮಾಡು ಎಂದಳು ತಂಗಿಗೆ. ಹೋಗುವಾಗಲೂ ಬಂದ ಮೇಲೂ ನನಗೇ ಮಾಡು. ಗುಬ್ಬಿ ಬಹಳ ಹೊತ್ತು ಅಕ್ಕನನ್ನು ನೋಡಿದಳು. ಆ ನೋಟದಲ್ಲಿ ಪ್ರೀತಿಯಿತ್ತೆಂದು ಹೇಳಲಾಗದು. ಆದರೆ ಕೆಲಸ ತಿಳಿದವಳ ಲೆಕ್ಕಾಚಾರವಿತ್ತು. ವಿಳಾಸ ಹೇಳಿದಳು, ಗಂಡಸಿನ ನಂಬರು ಕೊಟ್ಟಳು, ಎಷ್ಟು ಹೊತ್ತು ಕಾಯಬೇಕೆಂದು ಹೇಳಿದಳು.

"ಬರ್ಲಿಲ್ಲ ಅಂದ್ರೆ ಬಂದು ಬಾಗಿಲು ತಟ್ಟು. ಬೀಗ ರಿಪೇರಿಯವಳು ಅನ್ನು. ಅದೊಂದು ಸುಳ್ಳಂತೂ ಹೇಳ್ಬೇಕಾಗಿಲ್ಲ."

ಗುಬ್ಬಿ ಹೊರಡುವ ಹೊತ್ತಿಗೆ ಹೊಸ ಬೀಗ ಕೂರಿಸಿಯಾಗಿತ್ತು. ಎರಡು ಕೀಲಿಗಳು ಬೀಗದಮ್ಮನ ಅಂಗೈಯಲ್ಲಿದ್ದವು. ಒಂದು ನಿನ್ನ ಹತ್ತಿರ ಇರಲಿ ಎಂದು ಅವಳು ಹೇಳಿಯಾಳೇ ಎಂದು ಆಕೆ ಕೈ ಚಾಚಿ ಒಂದು ಗಳಿಗೆ ತಡೆದಳು. ಗುಬ್ಬಿ ಎರಡನ್ನೂ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಆ ಸಂಜೆ ಬೀಗದಮ್ಮ ಅಂಗಡಿಯಲ್ಲಿ ಯಂತ್ರ ನಿಲ್ಲಿಸಿ, ಫೋನನ್ನು ಹಿತ್ತಾಳೆಯ ಪುಡಿಯ ತಟ್ಟೆಯ ಪಕ್ಕದಲ್ಲಿಟ್ಟು ಕೂತಳು. ಉಪಕರಣದ ಚೀಲ ಹೆಗಲಿನಲ್ಲೇ ಇತ್ತು. ಎರಡನೆಯ ಕರೆ ಬಂದಾಗ ಬೀದಿ ದೀಪ ಹತ್ತಿತ್ತು.

"ಬಂದೆ," ಎಂದಿತು ತಂಗಿಯ ಧ್ವನಿ. ಅಷ್ಟೇ.

ಮರುದಿನ, ಅದರ ಮರುದಿನ ಏನೂ ಆಗಲಿಲ್ಲ. ಆಮೇಲೊಂದು ದಿನ ಒಬ್ಬ ದಪ್ಪನೆಯ ಹೆಂಗಸು ಅಂಗಡಿಗೆ ಬಂದು, ಫೋನಿನಲ್ಲಿ ಒಂದು ಕೀಲಿಯ ಫೋಟೋ ತೋರಿಸಿದಳು. ತಾಯಿ ಒಳಗೆ ಸಿಕ್ಕಿಹಾಕಿಕೊಂಡಿದ್ದಾಳೆ, ಬೇಗ ಇದರಂತೆ ಒಂದು ಮಾಡಿಕೊಡಿ, ಎಷ್ಟಾದರೂ ಕೊಡುತ್ತೇನೆ ಎಂದಳು. ಬೀಗದಮ್ಮ ಎದ್ದು ಚೀಲ ತೆಗೆದುಕೊಂಡಳು. ಫೋಟೋ ನೋಡಿ ಮಾಡುವುದಿಲ್ಲ, ನಾನೇ ಬಂದು ಬಾಗಿಲು ತೆಗೆಯುತ್ತೇನೆ, ನಡೆಯಿರಿ, ದಾರಿಯಲ್ಲಿ ನಿಮ್ಮ ತಾಯಿಗೆ ಫೋನು ಹಚ್ಚಿ ಕೊಡಿ, ಧೈರ್ಯ ಹೇಳುತ್ತೇನೆ ಎಂದಳು.

ಹೆಂಗಸು ಅಲ್ಲಾಡಲಿಲ್ಲ. "ತಂಗಿ ಹೆಸರು ಕೊಟ್ಟವರು, ಕೀಲಿ ಕೊಡಲ್ವಾ?" ಎಂದಳು.

ಬೀಗದಮ್ಮ ಆಗ ಅವಳ ಮೂಗಿನ ಮೇಲಿನ ದಪ್ಪ ಕನ್ನಡಕವನ್ನು ಗಮನಿಸಿದಳು. ಮೆಲ್ಲಗೆ ಚೀಲ ಕೆಳಗಿಟ್ಟು ಸ್ಟೂಲು ಸರಿಸಿ ಕೊಟ್ಟಳು.

ಕನ್ನಡಕದಕ್ಕ ಕೂತು ಎಲ್ಲವನ್ನೂ ಮೊದಲಿಂದ ಕೇಳಿದಳು, ನಡುನಡುವೆ ಹಿಂದೆ ಹೋಗಿ ಮತ್ತೆ ಕೇಳಿದಳು. ಬೀಗದಮ್ಮ ಅವಸರವಿಲ್ಲದೆ ಹೇಳಿದಳು. ಗುರುತಿನ ಚೀಟಿಯನ್ನೂ, ಫೋನಿನಲ್ಲಿದ್ದ ಆ ಸತ್ತ ನಂಬರನ್ನೂ ತೋರಿಸಿದಳು. ಹೆಂಗಸು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಆ ಸಂದೇಶ ನಿಜವೆಂದು ಹುಡುಗಿಯರಿಗೆಲ್ಲ ಹೇಳಿದ್ದು ತಾನೇ ಎಂದಳು. ಮನೆ ಹೆಸರು ಕಂಡು ಹೃದಯ ತುಂಬಿ ಬಂದಿತ್ತಂತೆ. ಇಷ್ಟು ವರ್ಷ ಎಲ್ಲರಿಗೂ ಎಚ್ಚರ ಹೇಳಿಕೊಂಡು ಬಂದವಳು ತಾನು, ಚೀಟಿ ಕೇಳಿದರೆ ಕೊಡಬೇಡಿ, ಗುಟ್ಟು ಎಂದರೆ ಇನ್ನೊಬ್ಬರಿಗೆ ಹೇಳಿ, ಬಂದ ನಂಬರಿಗೆ ಮಾಡಬೇಡಿ, ನಿಮಗೆ ಗೊತ್ತಿರುವ ನಂಬರಿಗೆ ಮಾಡಿ ಕೇಳಿ ಎಂದು. ತಾನು ಆ ಹೊತ್ತಿಗೆ ಗುಬ್ಬಿಗೆ ಫೋನು ಮಾಡಿದ್ದರೆ ಆಗುತ್ತಿತ್ತು.

"ನೀವೂ ಮಾಡ್ಲಿಲ್ಲ," ಎಂದಳು ಬೀಗದಮ್ಮ.

"ನಾನೂ ಮಾಡ್ಲಿಲ್ಲ."

ಹೋಗುವಾಗ ಕನ್ನಡಕದಕ್ಕ, ಹುಡುಗಿಯರಿಗೆ ಹೇಳುತ್ತೇನೆ, ಕೆಲವರು ನಂಬುತ್ತಾರೆ, ಹಣ ಕಳೆದುಕೊಂಡವರು ಬೇಗ ನಂಬಲಾರರು ಎಂದಳು. ಬೀಗದಮ್ಮ ಬ್ಯಾಂಕಿಗೂ ಪೊಲೀಸರ ಬಳಿಗೂ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಖಾತೆ ಮುಚ್ಚಿತು. ಕಳ್ಳರು ಸಿಗಲಿಲ್ಲ. ಹೊರಗೆ ಹೋದ ಹೆಸರನ್ನು ಮರಳಿ ತರುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಬೀಗವಾದರೆ ಬದಲಾಯಿಸಬಹುದಿತ್ತು.

ಕನ್ನಡಕದಕ್ಕ ಈಗ ಗುಬ್ಬಿಯ ಫೋನು ಎತ್ತುತ್ತಾಳೆ. ಆದರೂ ಗುಬ್ಬಿ ಅಕ್ಕನಿಗೂ ಒಂದು ಕರೆ ಮಾಡುವುದನ್ನು ಬಿಟ್ಟಿಲ್ಲ. ಅದು ಕ್ಷಮೆಯೋ, ಅಥವಾ ಕಾವಲು ಎರಡಿದ್ದರೆ ಒಳ್ಳೆಯದೆಂಬ ಎಚ್ಚರವೋ, ಬೀಗದಮ್ಮ ಕೇಳಲು ಹೋಗಿಲ್ಲ. ಒಳಗೆ ಹೋಗ್ತಿದ್ದೀನಿ ಎಂದೊಂದು ಕರೆ. ಬಂದೆ ಎಂದು ಇನ್ನೊಂದು. ಆ ಎರಡರ ನಡುವೆ ಆಕೆ ಯಂತ್ರ ನಿಲ್ಲಿಸಿ, ಚೀಲ ಹೆಗಲಿಗೆ ಹಾಕಿ, ತಂಗಿಯ ಪೂರ್ತಿ ಹೆಸರು ಹಿಡಿದು ದೇವರನ್ನು ಬೇಡುತ್ತ ಕೂರುತ್ತಾಳೆ. ಬಂದ ಗಿರಾಕಿಗಳು ಕಾಯುತ್ತಾರೆ.

ಬೀಗ ಹಾಕಿಸಿಕೊಂಡ ಆ ಮಧ್ಯಾಹ್ನದ ಮೇಲೆ ಗುಬ್ಬಿ ಒಂದು ಸಲವೂ ಅಕ್ಕ ಎಂದಿಲ್ಲ. ಪ್ರತಿ ಸಲವೂ ಆ ಒಂದು ಪದಕ್ಕಾಗಿ ಬೀಗದಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿರುತ್ತಾಳೆ, ಆ ಕಡೆ ಕಟ್ಟಾದ ಮೇಲೂ.